ಮಾರುಕಟ್ಟೆ, ಪ್ರಭುತ್ವ ಮತ್ತು ಮೂಲಪಾಪ: ಮೈಕೇಲ್ ನೊವಾಕರ ವಾದದ ವಿಮರ್ಶೆ

ಅಮೆರಿಕದ ಕಥೋಲಿಕ ಚಿಂತಕ ಮೈಕೇಲ್ ನೊವಾಕರ ‘ದಿ ಸ್ಪಿರಿಟ್ ಆಫ್ ಡೆಮಾಕ್ರಟಿಕ್ ಕ್ಯಾಪಿಟಲಿಸಂ’ 1982ರಲ್ಲಿ ಪ್ರಕಟವಾಯಿತು. ಮುಕ್ತ ಮಾರುಕಟ್ಟೆಗೆ ದೈವಶಾಸ್ತ್ರದ ನೆಲೆಗಟ್ಟನ್ನು ಒದಗಿಸಲೆತ್ನಿಸಿದ ಕೃತಿಗಳಲ್ಲಿ ಇದು ಪ್ರಮುಖವಾದುದು. ಇದನ್ನು ಸಂಪತ್ತಿನ ಆರಾಧನೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ನೊವಾಕರ ವಾದ ಮೂಲಪಾಪದ ಸಿದ್ಧಾಂತವನ್ನು ಗಂಭೀರವಾಗಿ ಪರಿಗಣಿಸುತ್ತದೆ. ಮನುಷ್ಯರೆಲ್ಲರೂ ಪಾಪಿಗಳಾದ್ದರಿಂದ ಸಮಸ್ತ ಅಧಿಕಾರವೂ ಒಂದೇ ಕೈಯಲ್ಲಿ ಶೇಖರವಾಗಬಾರದು. ರಾಜಕೀಯ, ಆರ್ಥಿಕ, ನೈತಿಕ-ಸಾಂಸ್ಕೃತಿಕ ಎಂಬ ಮೂರು ವ್ಯವಸ್ಥೆಗಳು ಪ್ರತ್ಯೇಕವಾಗಿದ್ದು ಒಂದನ್ನೊಂದು ಹದ್ದಿನಲ್ಲಿಡಬೇಕು ಎಂಬುದು ಅವರ ನಿಲುವು.

ಈ ಎಚ್ಚರಿಕೆಗೆ ಸತ್ಯವೇದದಲ್ಲಿ ಆಧಾರವಿದೆ. ಯೋಸೇಫನ ಕಣಜಗಳ ವೃತ್ತಾಂತವನ್ನು ನಾವು ಸಾಮಾನ್ಯವಾಗಿ ಆದಿಕಾಂಡ 41ನೆಯ ಅಧ್ಯಾಯಕ್ಕೇ ನಿಲ್ಲಿಸಿಬಿಡುತ್ತೇವೆ. 47ನೆಯ ಅಧ್ಯಾಯದಲ್ಲಿ ಐಗುಪ್ತದ ಜನರು ಅದೇ ಧಾನ್ಯಕ್ಕಾಗಿ ಮೊದಲು ಹಣವನ್ನು, ಬಳಿಕ ದನಕುರಿಗಳನ್ನು, ಕೊನೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸುತ್ತಾರೆ. ಜೀವ ಉಳಿಸಿದ ಪ್ರಭುತ್ವವೇ ಅವರನ್ನು ದಾಸರನ್ನಾಗಿಸಿತು. ಸರ್ಕಾರದ ಹಸ್ತಕ್ಷೇಪವನ್ನೆಲ್ಲ ಕರುಣೆಯೆಂದು ಬಗೆಯುವವರು ಈ ಅಧ್ಯಾಯಕ್ಕೆ ಉತ್ತರ ಹೇಳಬೇಕಾಗಿದೆ.

ನೊವಾಕರು ಮಾರುಕಟ್ಟೆಯೊಳಗಿನ ಪಾಪವನ್ನು ಅಲ್ಲಗಳೆಯುವುದಿಲ್ಲ; ಸ್ಪರ್ಧೆಯು ಅದನ್ನು ತಡೆಯುತ್ತದೆಂದು ನಂಬುತ್ತಾರೆ. ನನ್ನ ಆಕ್ಷೇಪ ಈ ನಂಬಿಕೆಯನ್ನು ಕುರಿತದ್ದು. ಅದನ್ನು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ನಿಂತು ಪರೀಕ್ಷಿಸಬಹುದು.

ಕೇರಳ, ತಮಿಳುನಾಡುಗಳ ವರ್ತಕರು ಕೊಳ್ಳಲು ಬರುವ ಸ್ಥಳವಿದು, ಸ್ಪರ್ಧೆ ಇಲ್ಲದಿಲ್ಲ. ಈ ಸೀಮೆಯ ರೈತರು ಅರಿಸಿನವನ್ನೂ ಬೆಳೆಯುತ್ತಾರೆ, ಟೊಮೆಟೊವನ್ನೂ ಬೆಳೆಯುತ್ತಾರೆ. ಬೇಯಿಸಿ ಒಣಗಿಸಿದ ಅರಿಸಿನವನ್ನು, ಸಾಲದ ಒತ್ತಡವಿಲ್ಲದಿದ್ದರೆ, ತಿಂಗಳುಗಟ್ಟಲೆ ಮನೆಯಲ್ಲಿಟ್ಟು ಬೆಲೆಗಾಗಿ ಕಾಯಬಹುದು. ಟೊಮೆಟೊ ಕಾಯುವುದಿಲ್ಲ. ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಅದು ಸಮರ್ಥನೀಯವಾದರೂ ವ್ಯಾಪಾರದ ಹೊತ್ತನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಬೆಲೆ ಕುಸಿದ ದಿನ ಸರಕನ್ನು ಹಿಂದಕ್ಕೆ ಒಯ್ದರೆ ಕೊಳೆಯುತ್ತದೆ, ವಾಹನದ ಬಾಡಿಗೆಯೂ ಮೈಮೇಲೆ ಬೀಳುತ್ತದೆ. ಅದೇ ರೈತ, ಅದೇ ನೆಲ, ಅದೇ ಕಾನೂನು. ಆದರೂ ಅರಿಸಿನ ಮಾರುವಾಗ ಇರುವ ಸ್ವಾತಂತ್ರ್ಯ ಟೊಮೆಟೊ ಮಾರುವಾಗ ಇರುವುದಿಲ್ಲ. ‘ಒಲ್ಲೆ’ ಎನ್ನಲಾಗದವರ ಒಪ್ಪಿಗೆಯನ್ನು ಸ್ವತಂತ್ರ ವಿನಿಮಯವೆಂದು ಕರೆಯಲಾಗದು. ಫರೋಹನ ಕಣಜದ ಮುಂದೆ ನಡೆದದ್ದೂ ಇಂಥ ಮಾರಾಟವೇ.

2020ರಲ್ಲಿ ಕರ್ನಾಟಕವು 1966ರ ಎಪಿಎಂಸಿ ಕಾಯಿದೆಯನ್ನು ತಿದ್ದಿ, ಪ್ರಾಂಗಣದ ಹೊರಗಿನ ವ್ಯಾಪಾರವನ್ನು ಸಮಿತಿಗಳ ನಿಯಂತ್ರಣದಿಂದ ಬಿಡಿಸಿತು. ಕೇಂದ್ರದ ಮೂರು ಕೃಷಿ ಕಾಯಿದೆಗಳು ಅದೇ ಸೆಪ್ಟೆಂಬರಿನಲ್ಲಿ ಬಂದವು. 2021ರ ನವೆಂಬರಿನಲ್ಲಿ ಸಂಸತ್ತು ಅವುಗಳ ರದ್ದತಿಗೆ ಒಪ್ಪಿಗೆ ನೀಡಿತು. ಎಲ್ಲಿ ಮಾರಬೇಕೆಂಬುದೂ ಕನಿಷ್ಠ ಬೆಂಬಲ ಬೆಲೆಯೂ ಆ ಚರ್ಚೆಯ ಕೇಂದ್ರದಲ್ಲಿದ್ದವು. ಆದರೆ ಬೆಂಬಲ ಬೆಲೆಯ ಪಟ್ಟಿಯಲ್ಲಿ ಟೊಮೆಟೊವೂ ಇಲ್ಲ, ಅರಿಸಿನವೂ ಇಲ್ಲ. ಎಪಿಎಂಸಿ ಕಾಯಿದೆಯೇ ಇಲ್ಲದ ಕೇರಳವು 2020ರ ನವೆಂಬರ್ 1ರಿಂದ ತನ್ನ ರೈತರ 16 ಬೆಳೆಗಳಿಗೆ, ಉತ್ಪಾದನಾ ವೆಚ್ಚದ ಮೇಲೆ ಶೇ. 20 ಸೇರಿಸಿ, ಮೂಲಬೆಲೆಯನ್ನು ಗೊತ್ತುಮಾಡಿತು. ಆ ರಾಜ್ಯದ ಅಡುಗೆಮನೆಗಳಿಗೆ ತರಕಾರಿ ಒದಗಿಸುವ ತೆರಕಣಾಂಬಿಯ ರೈತರಿಗೆ ಆ ಆಸರೆ ಸಲ್ಲದು. ಪ್ರಭುತ್ವದ ಕರುಣೆ ಗಡಿಯಲ್ಲಿ ನಿಲ್ಲುತ್ತದೆ. ಲೂಕ 10ರ ಸಮಾರ್ಯದವನು ಅಂಥ ಗಡಿಯನ್ನು ಗಣಿಸಲಿಲ್ಲ.

ಯಾಜಕಕಾಂಡ 25 ಈ ವಿವಾದಕ್ಕೆ ಬೇರೊಂದು ಅಳತೆಯನ್ನು ಕೊಡುತ್ತದೆ. ಅದು ಭೂಮಿಯ ವ್ಯವಹಾರವನ್ನು ಪೂರ್ತಿ ನಿಷೇಧಿಸುವುದಿಲ್ಲ. ಜುಬಿಲಿ ವರ್ಷಕ್ಕೆ ಉಳಿದಿರುವ ಬೆಳೆಗಳ ಲೆಕ್ಕದಲ್ಲಿ ಬೆಲೆ ಕಟ್ಟಿಸಿ, ಸೋತವರು ಹಿಂದಿರುಗುವ ದಾರಿಯನ್ನು ಆ ವ್ಯವಹಾರದೊಳಗೇ ಉಳಿಸುತ್ತದೆ. ಹಾಗಾದರೆ ಶೀತಲಗೃಹವಿರಲಿ, ಸಹಕಾರಿ ಸಾಲವಿರಲಿ, ಸರ್ಕಾರದ ಖರೀದಿಯಿರಲಿ, ಖಾಸಗಿ ಮಾರುಕಟ್ಟೆಯಿರಲಿ, ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸಬೇಕು: ಇದರಿಂದ ಅತಿ ದುರ್ಬಲ ಮಾರಾಟಗಾರರಿಗೆ ಕಾಯುವ ಶಕ್ತಿ ಬರುತ್ತದೆಯೇ?

ನೊವಾಕರ ಕೃತಿಯನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ಪ್ರಭುತ್ವದ ಬಗೆಗಿನ ನಮ್ಮ ಮುಗ್ಧತೆಯನ್ನು ಅದು ಕಳೆಯುತ್ತದೆ. ಆದರೆ ಅರಸನ ಪಾಪಕ್ಕೆ ಕಾನೂನಿನ ತಡೆ ಬೇಕೆನ್ನುವ ವಾದವು ವರ್ತಕನ ಪಾಪವನ್ನು ಸ್ಪರ್ಧೆಯ ಪಾಲಿಗೆ ಬಿಡುವುದಾದರೆ, ಅದು ಮೂಲಪಾಪದ ಸಿದ್ಧಾಂತವನ್ನು ಅರ್ಧದಲ್ಲಿಯೇ ನಿಲ್ಲಿಸಿದಂತಾಗುತ್ತದೆ.