ಕಣ್ಣಿಗೆ ಪಟ್ಟಿ ಕಟ್ಟಿದ ಕರಡಿ: ಬಿಬಿಸಿಯ ದಾನರಾತ್ರಿಯ ಕುರಿತು ಒಂದು ವಿಮರ್ಶೆ

ಪ್ರತಿ ವರ್ಷ ನವೆಂಬರ್ ತಿಂಗಳ ಒಂದು ಶುಕ್ರವಾರದ ರಾತ್ರಿ ಬ್ರಿಟನ್ನಿನ ಬಿಬಿಸಿ ದೂರದರ್ಶನವು ‘ಚಿಲ್ಡ್ರನ್ ಇನ್ ನೀಡ್’ ಎಂಬ ಕಾರ್ಯಕ್ರಮವನ್ನು ಪ್ರಸಾರಮಾಡುತ್ತದೆ. ಹಾಡು, ನಗೆನಾಟಕ, ಪ್ರಸಿದ್ಧರ ಕುಣಿತ. ಅವುಗಳ ನಡುನಡುವೆ ಕಾಯಿಲೆಯನ್ನೋ ಬಡತನವನ್ನೋ ಅಗಲಿಕೆಯನ್ನೋ ಅನುಭವಿಸಿದ ಒಂದು ಮಗುವಿನ ಕಿರುಚಿತ್ರ. ಅದು ಮುಗಿದೊಡನೆ ಹಣ ಕಳುಹಿಸುವ ವಿಧಾನ. ಆಗಾಗ ತೆರೆಯ ಮೇಲೆ ಏರುತ್ತಿರುವ ಒಟ್ಟು ಮೊತ್ತ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಪಡ್ಸಿ ಎಂಬ ಹಳದಿ ಕರಡಿ ಇದರ ಲಾಂಛನ. ಪರದೇಶದ ಈ ಮನರಂಜನೆಗೂ ನಮ್ಮ ಪತ್ರಿಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದನ್ನು ಮುಂದೆ ಹೇಳುವೆವು.

ಮೊದಲು ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 1927ರ ಕ್ರಿಸ್ಮಸ್ ದಿನದಂದು ರೇಡಿಯೋದಲ್ಲಿ ಮಾಡಿದ ಒಂದು ಚಿಕ್ಕ ವಿಜ್ಞಾಪನೆಯೇ ಇದರ ಮೂಲ. ಆಗ ಕೂಡಿಬಂದ ಸುಮಾರು 1,143 ಪೌಂಡುಗಳನ್ನು ಮಕ್ಕಳಿಗಾಗಿ ದುಡಿಯುವ ನಾಲ್ಕು ಸಂಸ್ಥೆಗಳಿಗೆ ಹಂಚಲಾಯಿತು. ರಾತ್ರಿಯಿಡೀ ನಡೆಯುವ ದೂರದರ್ಶನದ ರೂಪವು 1980ರಲ್ಲಿ ಬಂದಿತು. ಟೆರಿ ವೋಗನ್ ಮೊದಲಾದವರು ನಡೆಸಿಕೊಟ್ಟ ಆ ಮೊದಲ ರಾತ್ರಿಯೇ ಸುಮಾರು ಹತ್ತು ಲಕ್ಷ ಪೌಂಡುಗಳು ಬಂದವು. ಅಂದಿನಿಂದ ಕೂಡಿದ ಹಣವು ನೂರು ಕೋಟಿ ಪೌಂಡುಗಳನ್ನು ಮೀರಿದೆ. ಅದು ದೇಶದ ಮೂಲೆಮೂಲೆಯ ಸಣ್ಣ ಸಂಘಗಳಿಗೆ ಅನುದಾನವಾಗಿ ಹೋಗುತ್ತದೆ. ಊರಿನ ಒಂದು ಕೊಠಡಿಯಲ್ಲಿ ದುಃಖಿತ ಮಕ್ಕಳ ಜೊತೆ ಕುಳಿತುಕೊಳ್ಳುವ ಒಬ್ಬ ಕಾರ್ಯಕರ್ತೆಯ ಸಂಬಳ ಇದರಿಂದ ಬರುತ್ತಿದ್ದರೆ, ಅದನ್ನು ಹಗುರವಾಗಿ ನೋಡುವ ಅಧಿಕಾರ ನಮಗಿಲ್ಲ. ಹಸಿದವರ ಎದುರಿನಲ್ಲಿ ದಾನದ ತತ್ವವನ್ನು ಜಿಜ್ಞಾಸೆ ಮಾಡುವುದು ಹೊಟ್ಟೆ ತುಂಬಿದವರಿಗೆ ಬರುವ ಚಟ ಎಂಬ ಎಚ್ಚರವೂ ನಮಗಿದೆ.

ಬೋಧಕರಾದವರಿಗೆ ಇಲ್ಲಿ ತಟ್ಟನೆ ನೆನಪಾಗುವುದು ಪರ್ವತಪ್ರಸಂಗದ ತುತೂರಿ. ದಾನಕೊಡುವಾಗ ಅದನ್ನು ಊದಿಸಬಾರದೆಂದು ಕರ್ತನು ಹೇಳಿದ್ದಾನಲ್ಲಾ, ಇದು ತುತೂರಿಯಲ್ಲದೆ ಮತ್ತೇನು ಎಂದು ಅರ್ಧ ತಾಸಿನ ಪ್ರಸಂಗ ಮಾಡಬಹುದು. ಆದರೆ ಆ ವಿಮರ್ಶೆ ತೀರ ಸುಲಭವಾದದ್ದು, ಗುರಿಯನ್ನೂ ತಪ್ಪುತ್ತದೆ. ಆ ರಾತ್ರಿ ಹಣ ಕಳುಹಿಸುವವರಲ್ಲಿ ಬಹುಪಾಲು ಜನರ ಹೆಸರು ಯಾರಿಗೂ ತಿಳಿಯುವುದಿಲ್ಲ. ಶಾಲೆಯಲ್ಲಿ ಕೇಕು ಮಾರಿ ಚಿಲ್ಲರೆ ಕೂಡಿಸಿದ ಹುಡುಗಿಗೆ ಯಾವ ತುತೂರಿಯೂ ಇಲ್ಲ. ತೆರೆಯ ಮೇಲೆ ಹೆಚ್ಚು ಬೆಳಕು ಬೀಳುವುದು ಕೊಡುವವರ ಮೇಲಲ್ಲ, ಪಡೆಯುವವರ ಮೇಲೆ. ನಮ್ಮ ಪ್ರಶ್ನೆಯೂ ಅಲ್ಲಿಯೇ ಹುಟ್ಟುತ್ತದೆ.

ಕಿರುಚಿತ್ರದ ಮಗುವನ್ನು ಗಮನಿಸಿರಿ. ಅನೇಕ ಸಲ ಅದು ತನ್ನ ಕಥೆಯನ್ನು ತಾನೇ ಹೇಳುತ್ತದೆ; ಹಿಂದಿನ ಕಾಲದ ಮೂಕಚಿತ್ರಗಳಿಗಿಂತ ಇದು ಎಷ್ಟೋ ಮೇಲು. ಆದರೂ ಆ ಮಾತಿಗೆ ಒಂದು ಅಚ್ಚು ಉಂಟು. ಮೊದಲು ನೋವು, ಆಮೇಲೆ ಸಹಾಯಕ್ಕೆ ಬಂದ ಸಂಘ, ಕೊನೆಗೆ ಮುಗುಳ್ನಗೆ. ನೋವಿಗೆ ಕಾರಣವೇನೆಂಬ ಮಾತಿಗೆ ಆ ಅಚ್ಚಿನಲ್ಲಿ ಸ್ಥಳವಿಲ್ಲ. 2022–23ರ ಸರಕಾರಿ ಲೆಕ್ಕದ ಪ್ರಕಾರ ಮನೆಬಾಡಿಗೆಯ ಖರ್ಚನ್ನು ಕಳೆದ ಮೇಲೆ ಬ್ರಿಟನ್ನಿನಲ್ಲಿ ಸುಮಾರು 43 ಲಕ್ಷ ಮಕ್ಕಳು ಬಡತನದಲ್ಲಿದ್ದರು. 2017ರಲ್ಲಿ ಜಾರಿಗೆ ಬಂದ ನಿಯಮವೊಂದು, ಕುಟುಂಬಕ್ಕೆ ದೊರೆಯುವ ಸಹಾಯಧನದ ಒಂದು ಮುಖ್ಯ ಭಾಗವನ್ನು ಮೊದಲ ಎರಡು ಮಕ್ಕಳಿಗೆ ಮಾತ್ರ ಸೀಮಿತಗೊಳಿಸಿತ್ತು. ಕುಣಿತ ಮತ್ತು ಕಣ್ಣೀರುಗಳ ರಾತ್ರಿಯಲ್ಲಿ ಮೂರನೆಯ ಮಗುವಿನ ಈ ಕಥೆಯನ್ನು ಯಾರು ಹೇಳಬೇಕು? ಕರಡಿಯ ವಿಷಯವೂ ಹೀಗೆಯೇ. 1985ರಲ್ಲಿ ಅದನ್ನು ರೂಪಿಸಿದ ಕಲಾವಿದೆಯು ಯಾರ್ಕ್‌ಷೈರಿನ ತನ್ನ ಊರಿನ ಹೆಸರನ್ನೇ ಪ್ರೀತಿಯಿಂದ ಇಟ್ಟಳು. ಮಕ್ಕಳಿಗೆ ಅದು ಅಚ್ಚುಮೆಚ್ಚು. ಆದರೆ ಅದರ ಗಾಯವು ಮುದ್ದಾದ ಗಾಯ. ಪೆಟ್ಟು ಹೇಗಾಯಿತೆಂದು ಕೇಳಬೇಕೆಂದು ಯಾರಿಗೂ ತೋರುವುದಿಲ್ಲ.

ಈ ಆಕ್ಷೇಪ ನಾವು ಹೊಸದಾಗಿ ಹುಡುಕಿದ್ದಲ್ಲ. ಬ್ರಿಟನ್ನಿನ ಇನ್ನೊಂದು ವಾಹಿನಿಯಾದ ಐಟಿವಿ 1988, 1990, 1992ರಲ್ಲಿ ‘ಟೆಲಿಥಾನ್’ ಎಂಬ ಇಂಥದೇ ದಾನಸಂಗ್ರಹವನ್ನು ನಡೆಸಿತು. ಕೊನೆಯ ಎರಡು ಸಲ ಅಂಗವಿಕಲರು ಲಂಡನ್ನಿನ ಸ್ಟುಡಿಯೋದ ಎದುರಿಗೆ ಗಾಲಿಕುರ್ಚಿಗಳಲ್ಲಿ ಬಂದು ಪ್ರತಿಭಟಿಸಿದರು. ತಮ್ಮ ಹೆಸರಿನಲ್ಲಿ ಕೂಡಿಸುತ್ತಿದ್ದ ಹಣಕ್ಕೆ ತಾವೇ ಅಡ್ಡ ನಿಂತದ್ದನ್ನು ಕಂಡು ಅನೇಕರು ಬೆರಗಾದರು. ತಮಗೆ ಬೇಕಾದದ್ದು ಹಕ್ಕುಗಳೇ ಹೊರತು ಮರುಕವಲ್ಲವೆಂಬುದು ಅವರ ವಾದ. ಅವರ ಅಂಗಿಗಳ ಮೇಲಿದ್ದ ಘೋಷಣೆಯನ್ನು ಈ ಪತ್ರಿಕೆಯಲ್ಲಿ ಅಚ್ಚುಹಾಕುವಂತಿಲ್ಲ. ಪ್ರವಾದಿಗಳ ಭಾಷೆಯೂ ಎಲ್ಲ ಕಡೆ ಸಭ್ಯವಾಗಿಲ್ಲವೆಂಬುದನ್ನು ಮಾತ್ರ ನೆನಪಿಸುವೆವು.

ಇನ್ನು ನಮಗಿರುವ ಸಂಬಂಧ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ಈ ನಾಡಿನ ಶಾಲೆ, ಅನಾಥಶಾಲೆ, ಬೋರ್ಡಿಂಗ್ ಹೋಮುಗಳು ನಡೆದದ್ದು ಬಹುಮಟ್ಟಿಗೆ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಸಾಮಾನ್ಯ ಜನರು ಕೊಟ್ಟ ಕಾಸಿನಿಂದ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅಲ್ಲಿ ‘ಅರ್ಧ ಬಾಟ್ಸೆನ್’ ಎಂಬ ವಾರದ ವಂತಿಗೆ ಆರಂಭವಾಯಿತು. ಕೂಲಿಯವರೂ ಮನೆಗೆಲಸದವರೂ ಕೊಡಬಲ್ಲಷ್ಟು ಸಣ್ಣ ನಾಣ್ಯ ಅದು. ಆ ನಾಣ್ಯದ ಋಣ ನಮ್ಮ ಮೇಲಿದೆ. ಆದರೆ ಅದೇ ನಾಡುಗಳ ಸಂಡೇ ಸ್ಕೂಲುಗಳಲ್ಲಿ ಇನ್ನೊಂದು ವಸ್ತುವೂ ಇತ್ತು: ಕೈಜೋಡಿಸಿ ಮೊಣಕಾಲೂರಿದ ಕಪ್ಪು ಬಣ್ಣದ ಮಗುವಿನ ಬೊಂಬೆಯುಳ್ಳ ಕಾಣಿಕೆ ಪೆಟ್ಟಿಗೆ. ನಾಣ್ಯ ಹಾಕಿದೊಡನೆ ಬೊಂಬೆಯು ತಲೆಬಾಗಿಸಿ ವಂದಿಸುತ್ತಿತ್ತು. ಹಾಕಿದವರು ಒಳ್ಳೆಯ ಮನಸ್ಸಿನಿಂದಲೇ ಹಾಕಿದರು. ಬೊಂಬೆಗೆ ತಿಳಿದದ್ದು ಒಂದೇ ಕೆಲಸ.

ಒಂದು ಕಾಲದಲ್ಲಿ ಆ ಬೊಂಬೆಯ ಸ್ಥಾನದಲ್ಲಿದ್ದ ಸಭೆಯವರು ನಾವು. ಆದುದರಿಂದ ಉಳಿದವರಿಗಿಂತ ನಮಗೆ ಇದು ಬೇಗ ತಿಳಿಯಬೇಕಾಗಿತ್ತು. ಆದರೆ ಈಗ ಪೆಟ್ಟಿಗೆಯನ್ನು ಹಿಡಿದಿರುವವರು ನಾವೇ. ದಾನಿಗಳು ಬರುವ ದಿನ ಬೋರ್ಡಿಂಗ್ ಮಕ್ಕಳನ್ನು ಒಗೆದ ಬಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ ಸ್ವಾಗತಗೀತೆ ಹಾಡಿಸುವುದನ್ನು, ಒಂದೊಂದು ಮಗುವಿನ ತಂದೆಯ ಕುಡಿತವನ್ನು ಅದರ ಎದುರಿಗೇ ಅತಿಥಿಗಳಿಗೆ ವಿವರಿಸುವುದನ್ನು ನಾವು ಕಂಡಿದ್ದೇವೆ, ಸುಮ್ಮನೆಯೂ ಇದ್ದೇವೆ. ವಾರ್ಷಿಕ ವಿಜ್ಞಾಪನೆಯಲ್ಲಿ ಅತಿ ಸೊರಗಿದ ಮುಖದ ಫೋಟೋವನ್ನು ಮೊದಲ ಪುಟಕ್ಕೆ ಆರಿಸಿದ ಕೈಗಳಲ್ಲಿ ನಮ್ಮವೂ ಇವೆ. ಈಗ ಫೋನಿನಲ್ಲಿಯೇ ವಿಡಿಯೋ ಮಾಡುವುದು ಸುಲಭವಾದುದರಿಂದ ಬಿಬಿಸಿಯ ಅಚ್ಚು ಅದರ ಹಣವಿಲ್ಲದೆಯೂ ನಮ್ಮಲ್ಲಿಗೆ ಬಂದಿದೆ. ಆ ಮಗು ನಾಳೆ ದೊಡ್ಡವನಾಗಿ ನೌಕರಿಗೆ ಹೋದಾಗ ಆ ವಿಡಿಯೋ ಅವನ ಹಿಂದೆಯೇ ಇರುತ್ತದೆ.

ಚಿತ್ರ ತೋರಿಸದಿದ್ದರೆ ಯಾರು ಕೊಡುತ್ತಾರೆ ಎಂದು ಅನುಭವಸ್ಥರಾದ ಸಭಾಪಾಲಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಹುಡುಕುತ್ತಾ ನಾವು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟು, ಒಂಬತ್ತನೆಯ ಅಧ್ಯಾಯಗಳನ್ನು ಮತ್ತೆ ಓದಿದೆವು. ಪೌಲನು ಇಲ್ಲಿ ಹಣ ಕೇಳುತ್ತಿದ್ದಾನೆ. ಸಂಕೋಚವಿಲ್ಲದೆ, ಸಾಕಷ್ಟು ಜಾಣತನದಿಂದಲೇ ಕೇಳುತ್ತಿದ್ದಾನೆ. ಮಕೆದೋನ್ಯದವರನ್ನು ಅಖಾಯದವರ ಎದುರಿಗೂ ಅಖಾಯದವರನ್ನು ಮಕೆದೋನ್ಯದವರ ಎದುರಿಗೂ ಹೊಗಳಿ ಹುರಿದುಂಬಿಸುವ ರೀತಿಯನ್ನು ನೋಡಿದರೆ ವೋಗನ್ನನಿಗೆ ಕಲಿಸಬಲ್ಲವನಾಗಿದ್ದನೆಂದು ತೋರುತ್ತದೆ. ಆದರೆ ಈ ಎರಡು ಅಧ್ಯಾಯಗಳಲ್ಲಿ ಯೆರೂಸಲೇಮಿನ ಬಡವರ ವರ್ಣನೆ ಎಲ್ಲಿದೆ? ಅವರಿಗೆ ಕೊರತೆಯಿದೆ ಎಂಬುದರ ಹೊರತು ಮತ್ತೇನೂ ಇಲ್ಲ. ಹಸಿದ ಮಗುವಿಲ್ಲ, ಅಳುವ ವಿಧವೆಯಿಲ್ಲ. ಕಡುಬಡತನದ ಮಾತು ಬರುವುದು ಕೊಟ್ಟವರ ವಿಷಯದಲ್ಲಿ, ಮಕೆದೋನ್ಯದವರ ವಿಷಯದಲ್ಲಿ! ಐಶ್ವರ್ಯವಂತನಾಗಿದ್ದು ಬಡವನಾದ ಕರ್ತನ ಮಾತೂ ಅಲ್ಲಿಯೇ ಬರುತ್ತದೆ. ಪೌಲನು ಬಡತನವನ್ನು ಚಿತ್ರಿಸಿದ್ದಾನೆ; ಪಡೆಯುವವರನ್ನು ಚಿತ್ರಿಸಿಲ್ಲ. ಆತನು ಬಯಸಿದ್ದು ಸಮಾನತ್ವ: ಇಂದು ಇವರ ಸಮೃದ್ಧಿ ಅವರಿಗೆ, ಮುಂದೆ ಅವರದು ಇವರಿಗೆ. ಯಾರನ್ನು ಕುರಿತು ಕಣ್ಣೀರು ತರಿಸುತ್ತೇವೋ ಅವರಿಂದ ಮುಂದೆ ನಾವು ಪಡೆಯುವೆವೆಂದು ನಂಬುವುದು ಕಷ್ಟ.

ಮೊದಲನೆಯ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಆತನು ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನೂ ತನ್ನ ಬಳಿಯಲ್ಲಿ ಗಂಟು ಕೂಡಿಸಿಡಲೆಂದೂ ತಾನು ಬಂದಾಗ ಸಂಗ್ರಹ ನಡೆಯಬಾರದೆಂದೂ ಅಪ್ಪಣೆಕೊಡುತ್ತಾನೆ. ಪ್ರಸಿದ್ಧ ಅತಿಥಿ ಬಂದ ದಿನವೇ ಪೆಟ್ಟಿಗೆಯನ್ನು ತೆರೆಯುವ ನಮ್ಮ ಪದ್ಧತಿಗೆ ಇದು ಸರಿಯಾಗಿ ಎದುರು. ಅರ್ಧ ಬಾಟ್ಸೆನ್ನಿನವರು ಇದನ್ನು ಅರಿತಿದ್ದರು.

ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ದಾಟಿಹೋಗುವ ಇನ್ನೊಂದು ವಚನ ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನೈದನೆಯ ಅಧ್ಯಾಯದಲ್ಲಿದೆ. ಹಣ ಕೂಡಿಯಾಗಿದೆ, ಪೌಲನು ಯೆರೂಸಲೇಮಿಗೆ ಹೊರಟಿದ್ದಾನೆ. ಹೊರಡುವಾಗ ಆತನು ರೋಮಾಪುರದವರನ್ನು ಪ್ರಾರ್ಥನೆಗಾಗಿ ಬೇಡುತ್ತಾನೆ. ವಿರೋಧಿಗಳಿಂದ ತಪ್ಪಿಸಿಕೊಳ್ಳಬೇಕೆಂಬುದು ಒಂದು ವಿಷಯ; ತಾನು ತರುವ ಕಾಣಿಕೆಯು ಅಲ್ಲಿಯ ದೇವಜನರಿಗೆ ಸಮರ್ಪಕವಾಗಿ ತೋರಬೇಕೆಂಬುದು ಇನ್ನೊಂದು. ಬಡವರು ಬೇಡವೆನ್ನಬಹುದೆಂಬ ಭಯ ಆತನಿಗಿತ್ತು. ಅವರು ಹಣವನ್ನು ಹೇಗೆ ಸ್ವೀಕರಿಸಿದರೆಂಬುದನ್ನು ಲೂಕನು ಅಪೊಸ್ತಲರ ಕೃತ್ಯಗಳಲ್ಲಿ ಎಲ್ಲಿಯೂ ತಿಳಿಸುವುದಿಲ್ಲ.