ಮನಸ್ಸು ಯಾರದು, ಶಾಸ್ತ್ರ ಯಾರದು?

ಮನಶ್ಶಾಸ್ತ್ರ ಓದಲು ನಾನು ವಿಶ್ವವಿದ್ಯಾಲಯಕ್ಕೆ ಹೊರಟಾಗ ಮಾಯಕೊಂಡದಲ್ಲಿ ನಮ್ಮಜ್ಜಿ ಕೇಳಿದ್ದು ಒಂದೇ ಮಾತು: ‘ಮನಸಿಗೂ ಶಾಸ್ತ್ರ ಐತೇನಲೇ?’ ಅವಳ ಪಾಲಿಗೆ ಶಾಸ್ತ್ರ ಅಂದರೆ ಎರಡೇ. ಒಂದು, ಮನೆ ಬಾಗಿಲಿಗೆ ಬಂದು ಕೈ ನೋಡಿ ಹೇಳುವಂಥದು. ಇನ್ನೊಂದು, ನಮ್ಮನ್ನು ದೂರ ನಿಲ್ಲಿಸಿ ಊರೊಳಗೆ ನಡೆಸುವಂಥದು. ನಾನು ಆಗ ನಕ್ಕಿದ್ದೆ. ಎಂ.ಎ. ಮುಗಿಸಿ, ಈಗ ಅದೇ ವಿಷಯವನ್ನು ಪಾಠ ಮಾಡುತ್ತಿರುವಾಗ ಆ ಪ್ರಶ್ನೆ ಅಷ್ಟು ಹಗುರವಾಗಿ ಕಾಣುತ್ತಿಲ್ಲ. ದಲಿತ ವಿಮರ್ಶೆಯ ಬಗ್ಗೆ ಮಾತಾಡುವ ಈ ಸಂದರ್ಭದಲ್ಲಿ ಅದನ್ನೇ ಮತ್ತೆ ಎತ್ತಿಕೊಳ್ಳುತ್ತಿದ್ದೇನೆ.

ಹಾಸ್ಟೆಲಿನಲ್ಲಿ ನಡೆದ ಒಂದು ಘಟನೆಯಿಂದ ಆರಂಭಿಸಬಹುದು. ಒಂದು ಸಂಜೆ ಸಂಶೋಧಕರೊಬ್ಬರು ಪ್ರಶ್ನಾವಳಿ ಹಿಡಿದು ಬಂದರು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಆತ್ಮಗೌರವವನ್ನು ಇತರರ ಆತ್ಮಗೌರವದೊಂದಿಗೆ ಹೋಲಿಸುವುದು ಅವರ ಕೆಲಸ. ‘ನಾನು ಬೇರೆಯವರಿಗಿಂತ ಕೀಳು ಎಂದು ನನಗೆ ಆಗಾಗ ಅನಿಸುತ್ತದೆ’ ಎಂಬಂಥ ವಾಕ್ಯಗಳು. ಎದುರಿಗೆ ಹೌದು, ಇಲ್ಲ. ನಾವು ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲ್ಲದಕ್ಕೂ ‘ಇಲ್ಲ’ ಎಂದು ಗೀಟು ಹಾಕಿದೆವು. ಅದು ಸುಳ್ಳು. ಆದರೆ ‘ಹೌದು’ ಎಂದಿದ್ದರೂ ಅದು ಪೂರ್ತಿ ನಿಜವಾಗುತ್ತಿರಲಿಲ್ಲ. ಇಂಥ ಸುಳ್ಳನ್ನು ಹಿಡಿಯಲೆಂದೇ ಕೆಲವು ಮಾಪನಗಳಲ್ಲಿ ಪ್ರತ್ಯೇಕ ಪ್ರಶ್ನೆಗಳಿರುತ್ತವೆ ಎಂಬುದು ನನಗೆ ತಿಳಿದದ್ದು ಮುಂದಿನ ಸೆಮಿಸ್ಟರಿನಲ್ಲಿ. ನಮ್ಮ ಹಾಳೆಗಳನ್ನು ಅವರು ಏನು ಮಾಡಿದರೋ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಕೀಳು ಅನಿಸಿದವನನ್ನು ಕೇಳುವ ಪ್ರಶ್ನೆಗಳು ನಲವತ್ತಿದ್ದವು. ಹಾಗೆ ಅನಿಸುವಂತೆ ಮಾಡಿದವರನ್ನು ಕೇಳುವ ಪ್ರಶ್ನೆ ಒಂದೂ ಇರಲಿಲ್ಲ.

ಇದು ಒಬ್ಬ ಸಂಶೋಧಕರ ದೋಷವಲ್ಲ, ಒಂದು ಜ್ಞಾನಶಿಸ್ತಿನ ಚರಿತ್ರೆ. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಅದರ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ ಅವರು ಮೈಸೂರು ಸೀಮೆಯ ಬುಡಕಟ್ಟು ಮತ್ತು ಜಾತಿಗಳ ಸಮೀಕ್ಷೆ ಮಾಡಿದವರು ಎಂಬುದನ್ನು ಇಲ್ಲಿ ನೆನೆಯಬೇಕು. 1924ರಲ್ಲಿ ಅಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಬುದ್ಧಿಮತ್ತೆಯ ಸಿದ್ಧಾಂತಿ ಸ್ಪಿಯರ್‌ಮನ್ ಅವರ ಕೈಕೆಳಗೆ ಓದಿ ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಆರಂಭಿಸಿದವರೂ ಇವರೇ. ಅತ್ತ ಮುಂಬಯಿ ಪ್ರಾಂತದಲ್ಲಿ ವಿ.ವಿ. ಕಾಮತ್ ಅವರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. 1940ರಲ್ಲಿ ಅದರ ಪುಸ್ತಕ ಬಂತು. ಬಿನೆ–ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ.

ಇವೆಲ್ಲ ಸಣ್ಣ ಕೆಲಸಗಳಲ್ಲ. ಇಂಗ್ಲಿಷಿನಲ್ಲಿ ಅಳೆಯುತ್ತಿದ್ದುದನ್ನು ಕನ್ನಡದಲ್ಲಿ ಅಳೆಯುವಂತಾದದ್ದು ದೊಡ್ಡದೇ. ಆದರೆ ಯಾವ ಕನ್ನಡ? ಶಬ್ದದ ಅರ್ಥ ಹೇಳು, ಎರಡು ವಸ್ತುಗಳ ಹೋಲಿಕೆ ಹೇಳು ಎಂದು ಕೇಳಿದಾಗ ಪುಸ್ತಕವಿರುವ ಮನೆಯ ಮಗು ಮೊದಲೇ ಅರ್ಧ ದಾರಿ ನಡೆದಿರುತ್ತದೆ. ಹಲಗೆಯ ಚರ್ಮವನ್ನು ಬೆಂಕಿಗೆ ಎಷ್ಟು ಕಾಯಿಸಿದರೆ ಎಂಥ ದನಿ ಬರುತ್ತದೆ ಎಂದು ಬಲ್ಲ ನಮ್ಮ ಕೇರಿಯ ಹುಡುಗನ ಬುದ್ಧಿಗೆ ಅಲ್ಲಿ ಅಂಕವಿಲ್ಲ. ಈಗ ದೊಡ್ಡ ಊರುಗಳ ವಿಶ್ವವಿದ್ಯಾಲಯಗಳಲ್ಲಿ ‘ಲಿಬರಲ್ ಆರ್ಟ್ಸ್’ ಎಂಬ ಹೆಸರು ಚಾಲ್ತಿಗೆ ಬಂದಿದೆ. ಅದರ ಲ್ಯಾಟಿನ್ ಮೂಲದಲ್ಲಿ ಅದು ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆ. ಗುಲಾಮನ ಕೈಕೆಲಸ ಅದರ ಹೊರಗಿನದು. ನಮ್ಮಲ್ಲಿ ಬಿ.ಎ. ಸೇರಿದವನನ್ನು ‘ಆರ್ಟ್ಸಾ? ಬ್ಯಾರೆ ಏನೂ ಸಿಗಲಿಲ್ವಾ?’ ಎಂದು ದಾವಣಗೆರೆ ಬಸ್ಸಿನಲ್ಲಿ ಮರುಕಪಡುತ್ತಾರೆ. ಆ ಹೆಸರಿನ ಹೊಳಪಿಗೂ ಈ ಮರುಕಕ್ಕೂ ನಡುವೆ ಇರುವುದು ಕೇವಲ ಶುಲ್ಕದ ಅಂತರವಲ್ಲ.

ಇನ್ನು ಸಾಹಿತ್ಯಕ್ಕೆ ಬರೋಣ. ಕನ್ನಡದಲ್ಲಿ ಮನಸ್ಸಿನ ಒಳಹೊಕ್ಕು ನೋಡುವ ಭಾಷೆಯನ್ನು ಹದಗೊಳಿಸಿದ್ದು ನವ್ಯ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ನವ್ಯ ಮನಸ್ಸನ್ನು ಹಂಚಿದ ರೀತಿಯನ್ನು ಗಮನಿಸಬೇಕು. 1965ರ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳಿ. ನಾರಣಪ್ಪನ ಹೆಣ ಸುಡುವವರು ಯಾರು ಎಂಬ ಪ್ರಶ್ನೆಗೆ ಇಡೀ ಅಗ್ರಹಾರ ತತ್ತರಿಸುತ್ತಿರುವಾಗ, ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಆ ಕೆಲಸ ಮುಗಿಸುತ್ತಾಳೆ. ಅಗ್ರಹಾರದ ಸಮಸ್ಯೆಯನ್ನು ಬಗೆಹರಿಸಿದವಳು ಅವಳು. ಆದರೂ ಕಾದಂಬರಿ ಅವಳ ಹಿಂದೆ ಹೋಗುವುದಿಲ್ಲ. ಪ್ರಾಣೇಶಾಚಾರ್ಯರ ತೊಳಲಾಟದ ಹಿಂದೆ ಹೋಗುತ್ತದೆ. ಕೇರಿಯಲ್ಲೂ ಜನ ಸಾಯುತ್ತಾರೆ, ಗುಡಿಸಲು ಸುಡುತ್ತಾರೆ. ಆ ಸಾವುಗಳ ಸುತ್ತ ಧರ್ಮಸಂಕಟವಿಲ್ಲ. ಬೆಳ್ಳಿಗೆ ಮೈ ಇದೆ, ಆಚಾರ್ಯರಿಗೆ ಮನಸ್ಸಿದೆ. ಇದನ್ನು ಬ್ರಾಹ್ಮಣ್ಯದ ವಿಮರ್ಶೆಯೆಂದು ಓದಬಹುದು. ಹಾಗೆ ಓದಿದ್ದೂ ಆಗಿದೆ. ವಿಮರ್ಶೆ ಮಾಡುವಾಗಲೂ ಮನಸ್ಸಿನ ಒಡೆತನ ಕೈಬದಲಾಗಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. 1973ರ ಬೂಸಾ ಗಲಾಟೆಯ ನಂತರ ಬಂದ ದಲಿತ–ಬಂಡಾಯ ವಿಮರ್ಶೆ, ಒಳಮನಸ್ಸಿನ ಮಾತೆಲ್ಲ ಹೊಟ್ಟೆ ತುಂಬಿದವರ ಶೋಕಿ ಎಂದು ಬಹುಮಟ್ಟಿಗೆ ಅದನ್ನು ಎದುರಾಳಿಗೇ ಬಿಟ್ಟುಕೊಟ್ಟಿತು. ನಾವು ಹಸಿವು ತಗೊಂಡೆವು, ರೊಚ್ಚು ತಗೊಂಡೆವು, ಮೆರವಣಿಗೆ ತಗೊಂಡೆವು. ಆ ಕಾಲಕ್ಕೆ ಅದು ಬೇಕಿತ್ತು. ಆದರೆ ಮುಂದೆ ಕೃತಿಯಲ್ಲಿ ರೊಚ್ಚು ಎಷ್ಟಿದೆ ಎಂದು ಅಳೆಯುವುದೇ ದಲಿತ ವಿಮರ್ಶೆಯಾಯಿತು. ಇದು ಹಾಸ್ಟೆಲಿಗೆ ಬಂದ ಪ್ರಶ್ನಾವಳಿಗಿಂತ ಹೇಗೆ ಬೇರೆ? ಅಲ್ಲಿ ಕೀಳರಿಮೆಗೆ ಹೌದು–ಇಲ್ಲ, ಇಲ್ಲಿ ಸಿಟ್ಟಿಗೆ ಹೌದು–ಇಲ್ಲ.

ದೇವನೂರ ಮಹಾದೇವರ ‘ಒಡಲಾಳ’ ಈ ಎರಡೂ ಅಳತೆಗೋಲಿಗೆ ಸಿಕ್ಕುವುದಿಲ್ಲ. ಕಳೆದುಹೋದ ಹುಂಜಕ್ಕಾಗಿ ಸಾಕವ್ವ ಪಡುವ ಪಾಡು, ರಾತ್ರಿಯೆಲ್ಲ ಮನೆಮಂದಿ ಕೂತು ಕಡಲೆಕಾಯಿ ತಿನ್ನುವ ಸಂಭ್ರಮ, ಪೊಲೀಸರ ಶೋಧ – ಇವುಗಳ ನಡುವೆ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಮಕ್ಕಳ ಚಿತ್ರದಿಂದ ಬುದ್ಧಿ ಅಳೆಯುವ ಪದ್ಧತಿ ನಮ್ಮ ಶಾಸ್ತ್ರದಲ್ಲಿದೆ. 1926ರಲ್ಲಿ ಗುಡ್‌ಇನಫ್ ರೂಪಿಸಿದ್ದು: ಮನುಷ್ಯನ ಚಿತ್ರ ಬರೆಸಿ, ಕಣ್ಣು, ಬೆರಳು, ಕತ್ತು ಎಣಿಸಿ ಅಂಕ ಕೊಡುವುದು. ಪುಟ್ಟಗೌರಿಯ ನವಿಲಿಗೆ ಅಂಕ ಕೊಡುವುದು ಹೇಗೆ? ಅದರಲ್ಲಿ ದೂರಿಲ್ಲ, ಕೀಳರಿಮೆಯ ಗುರುತೂ ಇಲ್ಲ. ಹಸಿದ ಮನೆಯಲ್ಲಿ ಹಸಿವನ್ನಷ್ಟೇ ಹುಡುಕುವ ಓದುಗನಿಗೆ ಅದು ಅಲಂಕಾರವಾಗಿ ಕಾಣಬಹುದು. ನನಗೆ ಅದು ಆ ಮನೆಯಲ್ಲಿ ಮನಸ್ಸು ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿದೆ ಎಂಬುದರ ದಾಖಲೆಯಾಗಿ ಕಾಣುತ್ತದೆ. ಯಾರೂ ಕೇಳಿ ಬರೆಸಿದ ಚಿತ್ರವಲ್ಲ ಅದು.

ಆತ್ಮಕಥನಗಳದ್ದು ಇನ್ನೊಂದು ಬಗೆಯ ಉತ್ತರ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಹೆಸರೇ ಒಂದು ಅಣಕದ ಮಾತು. ಅವರು ಅದನ್ನು ಎತ್ತಿಕೊಂಡು ಮುಖಪುಟಕ್ಕೆ ಹಾಕಿದರು. ಸಿದ್ಧಲಿಂಗಯ್ಯನವರು ಬರಿಯ ಕೇರಿಯ ಕಥೆ ಎನ್ನದೆ ‘ಊರುಕೇರಿ’ ಎಂದರು. ಮಾದರಿಯೊಳಗೆ ಊರನ್ನೂ ಸೇರಿಸಿಕೊಂಡರು. ಪ್ರಶ್ನಾವಳಿ ಬಿಟ್ಟದ್ದು ಇದನ್ನೇ. ನಗುತ್ತಾ ಬರೆದದ್ದಕ್ಕೆ ‘ಊರುಕೇರಿ’ಯಲ್ಲಿ ನೋವು ಕಡಿಮೆಯಾಯಿತು ಎಂದು ಗೊಣಗಿದವರುಂಟು. ನಗುವ ಹಕ್ಕಿಗೂ ಸಾಕ್ಷಿ ಬೇಕೇ?

ಹೊರಗಿನ ಒಂದು ಉದಾಹರಣೆ. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಕಪ್ಪು ಮಕ್ಕಳ ಮುಂದೆ ಬಿಳಿ, ಕಪ್ಪು ಗೊಂಬೆಗಳನ್ನಿಟ್ಟು ಯಾವುದು ಚೆಂದ ಎಂದು ಕೇಳಿದರು. ಬಹಳ ಮಕ್ಕಳು ಬಿಳಿಯದನ್ನು ಆರಿಸಿದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದ 1954ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಈ ಸಂಶೋಧನೆಯೂ ಉಲ್ಲೇಖವಾಯಿತು. ಶಾಸ್ತ್ರ ನೊಂದವರ ಪರ ನಿಲ್ಲಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ನೋವನ್ನು ಸಾಬೀತು ಮಾಡುತ್ತಾ ಹೋದರೆ ನೊಂದವನು ಬರೀ ನೋವೇ ಆಗಿಬಿಡುವ ಅಪಾಯವೂ ಇದೆ. ಮನೋವೈದ್ಯ ಫ್ಯಾನನ್ ರೋಗಿಯ ಜೊತೆಗೆ ವಸಾಹತನ್ನೂ ಪರೀಕ್ಷೆಗೆ ಒಡ್ಡಿದ್ದು ಅದಕ್ಕೇ.

ನಮ್ಮ ಕ್ಯಾಂಪಸ್ಸುಗಳಲ್ಲಿ ಈ ಮಾತು ಪುಸ್ತಕದ ಬದನೆಕಾಯಿಯಲ್ಲ. 2016ರಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ, 2019ರಲ್ಲಿ ಮುಂಬಯಿಯಲ್ಲಿ ಪಾಯಲ್ ತಡ್ವಿ ತೀರಿಕೊಂಡರು. ಇಂಥ ವಿದ್ಯಾರ್ಥಿ ಸತ್ತ ಸುದ್ದಿ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ‘ಡಿಪ್ರೆಶನ್ ಇತ್ತೇನೋ ಪಾಪ’ ಎನ್ನುವವರು ನನ್ನ ಕಡೆ ತಿರುಗಿ ‘ನಿಮ್ ಸಬ್ಜೆಕ್ಟು, ಹೇಳಿ ಸರ್’ ಎನ್ನುತ್ತಾರೆ. ಆಗ ನನಗೆ ಸುಖದೇವ ಥೋರಟ್ ಸಮಿತಿ ನೆನಪಾಗುತ್ತದೆ. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳ ಸ್ಥಿತಿ ಕುರಿತು 2007ರಲ್ಲಿ ವರದಿ ಕೊಟ್ಟ ಆ ಸಮಿತಿ ಹುಡುಗರ ಮನಸ್ಸನ್ನು ಅಳೆಯಲಿಲ್ಲ. ಸಂಸ್ಥೆ ಅವರ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಿತು. ಅದೇ ಥೋರಟ್ 2023ರಲ್ಲಿ ಕರ್ನಾಟಕದ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರಾದರು. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ವರ್ಷಗಳನ್ನು ಕೂಡಿ ಕಳೆದದ್ದಾಯಿತು. ಪಠ್ಯದೊಳಗಿನ ಮನುಷ್ಯ ಯಾರು ಎಂಬ ಪ್ರಶ್ನೆ ಹಾಗೇ ಇದೆ.

ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಕನ್ನಡ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪ (1938–1997) ದಲಿತ ಸಂಘರ್ಷ ಸಮಿತಿ ಕಟ್ಟುತ್ತಲೇ ಸಾಹಿತ್ಯ ವಿಮರ್ಶೆಯನ್ನೂ ಬರೆದರು. ತರಗತಿ ಬೇರೆ, ಕೇರಿ ಬೇರೆ ಎಂದು ಅವರು ಭಾವಿಸಲಿಲ್ಲ. ನಮ್ಮ ಸೀಮೆಯ ಮೇಷ್ಟರುಗಳಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕಿಲ್ಲ.

ಹಾಗಾಗಿ ನನ್ನದು ಸಣ್ಣ ಸೂಚನೆ. ಮನಶ್ಶಾಸ್ತ್ರದ ತರಗತಿಯಲ್ಲಿ ‘ಒಡಲಾಳ’ ಓದಿಸಬೇಕು, ‘ಕೇಸ್’ ಆಗಿ ಅಲ್ಲ, ನಮ್ಮ ಅಳತೆಗೋಲುಗಳ ಪರೀಕ್ಷೆಯಾಗಿ. ಕನ್ನಡ ತರಗತಿಯಲ್ಲಿ ಒಂದು ಬುದ್ಧಿಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಸಾಹಿತ್ಯ ಕೃತಿಯಂತೆ ಬಿಡಿಸಿ ಓದಬೇಕು: ಇದರ ನಿರೂಪಕ ಯಾರು, ಇದು ಯಾರ ಮನೆಯ ಕನ್ನಡ ಎಂದು. ಹೋದ ವರ್ಷ ನನ್ನ ತರಗತಿಯಲ್ಲಿ ಎರಡನೆಯದನ್ನು ಮಾಡಿ ನೋಡಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ಇದ್ರಾಗೆ ನಮ್ಮವ್ವ ಫೇಲ್ ಆಗ್ತಾಳೆ, ಆದ್ರೆ ನಮ್ಮನಿ ನಡ್ಸೋದು ಅವ್ಳೇ’ ಅಂದಳು. ಯಾರೂ ನಗಲಿಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವತ್ತಿನ ಪಾಠವನ್ನು ನಾವು ಅಲ್ಲಿಂದಲೇ ಶುರು ಮಾಡಿದೆವು.