ಕವಳಿಹಣ್ಣಿನ ರಸಾಯನ

ಮಾವಿನ ಸೀಕರಣೆಯನ್ನು ಕುರಿತು ಈ ವಾರ ಬರೆಯುವುದಾಗಿ ಹಿಂದಿನ ಅಂಕಣದ ಕೊನೆಯಲ್ಲಿ ಮಾತು ಕೊಟ್ಟಿದ್ದೆನು. ಆ ಋಣವನ್ನು ಮುಂದಿನ ವಾರ ತೀರಿಸಲು ವಾಚಕರು ಅನುಮತಿ ನೀಡಬೇಕೆಂದು ಬೇಡುತ್ತೇನೆ. ಮಾವು ಇನ್ನೂ ಒಂದು ತಿಂಗಳು ನಮ್ಮೊಡನಿರುವುದು; ಆದರೆ ನಿನ್ನೆ ಬೆಳಗಿನ ಜಾವ ಸಾಗರ ಸೀಮೆಯ ಬೇಣವೊಂದರ ಅಂಚಿನಲ್ಲಿ ನಡೆಯುತ್ತಿದ್ದಾಗ, ಧರೆಯ ಮೇಲಣ ಕವಳಿ ಮಟ್ಟಿಗಳು ಎಲೆಗಿಂತ ಹಣ್ಣೇ ಹೆಚ್ಚೆಂಬಂತೆ ಕಪ್ಪಾಗಿ ನಿಂತಿದ್ದುದನ್ನು ಕಂಡ ಮೇಲೆ, ಬೇರೊಂದು ಹಣ್ಣಿನ ವಿಷಯವಾಗಿ ಬರೆಯಲು ಲೇಖನಿ ಏಳಲಿಲ್ಲ.

ಕರಾವಳಿಯವರು ಕರಂಡೆಯೆಂದೂ ಸಂಸ್ಕೃತದವರು ಕರಮರ್ದವೆಂದೂ ಕರೆಯುವ ಈ ಗಿಡ ಕಣಗಿಲೆಯ ಕುಲಕ್ಕೆ ಸೇರಿದುದು. ಹೂವೇನೋ ಮಲ್ಲಿಗೆಯನ್ನು ಹೋಲುವ ಬೆಳ್ಳನೆಯ ಐದೆಸಳಿನ ನಕ್ಷತ್ರ. ಆದರೆ ಕಾಯಿಯನ್ನು ಮುರಿದರೆ ಒಸರುವ ಹಾಲಿನಂಥ ಸೊನೆ ಅದರ ಕುಲವನ್ನು ಒಡನೆಯೇ ಸಾರಿಬಿಡುವುದು. ಹಸುರು ಕಾಯಿ ಕೆಂಪಡರಿ, ಕೆಂಪು ನೇರಿಳೆಯಾಗಿ, ನೇರಿಳೆ ಕಪ್ಪಾಗುವ ಹೊತ್ತಿಗೆ ಆ ಸೊನೆ ಬಹುಮಟ್ಟಿಗೆ ಇಂಗಿಹೋಗಿರುತ್ತದೆ. ಇದೊಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಂದಿನ ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ಕವಳಿಯ ರುಚಿ ನಿರ್ಣಯವಾಗುವುದು ಅಡುಗೆಮನೆಯಲ್ಲಲ್ಲ, ಮಟ್ಟಿಯ ಬುಡದಲ್ಲಿ. ಜೋಡಿಮುಳ್ಳುಗಳ ನಡುವೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ಒಯ್ದು, ಹಣ್ಣಿನ ಅಡಿಗೆ ಅಂಗೈಯನ್ನೊಡ್ಡಿ, ಹೆಬ್ಬೆರಳಿನಿಂದ ಮೆಲ್ಲನೆ ಸೋಕಿದಾಗ ತೊಟ್ಟು ತಾನಾಗಿ ಕಳಚಿ ಅಂಗೈಗೆ ಬೀಳುವುದು ಹಣ್ಣು. ಬೆರಳಿಗೆ ಎದುರುನಿಂತು ಎಳೆಸಿಕೊಳ್ಳುವುದು, ಬಣ್ಣ ಎಷ್ಟೇ ಕಪ್ಪಾಗಿರಲಿ, ಇನ್ನೂ ಕಾಯಿಯೇ. ಬಾಲ್ಯದಲ್ಲಿ ಅವಸರದಿಂದ ಕೊಂಬೆಯನ್ನೇ ಬಗ್ಗಿಸಿ ಕೀಳುತ್ತಿದ್ದ ನನ್ನ ಕೈಯನ್ನು ಹಿಡಿದು, “ಎಳೀಬೇಡ ಮಗಾ, ಬಂದ್ರೆ ಬರ್ಲಿ” ಎಂದು ನನ್ನಜ್ಜಿ ಹೇಳುತ್ತಿದ್ದುದುಂಟು. ಐವತ್ತು ಬೇಸಗೆಗಳ ತರುವಾಯವೂ ಅದಕ್ಕಿಂತ ಉತ್ತಮವಾದ ಪರೀಕ್ಷೆಯನ್ನು ನಾನು ಕಂಡಿಲ್ಲ. ಕಿತ್ತ ಹಣ್ಣನ್ನು ಆಳವಾದ ಪಾತ್ರೆಯಲ್ಲಿ ತುಂಬಬಾರದು. ಮೇಲಣ ಭಾರಕ್ಕೆ ಕೆಳಗಿನವು ಜಜ್ಜಿ ರಸ ಸೋರಿಹೋಗುವುದು. ಅಗಲವಾದ ಬುಟ್ಟಿಗೆ ಎಲೆ ಹಾಸಿ ಒಂದೆರಡು ಪದರ ಹರಡಿದರೆ ಸಾಕು.

ಈ ಅಂಕಣವನ್ನು ಮೊದಲಿನಿಂದ ಓದುತ್ತ ಬಂದವರಿಗೆ, ಪಾಕಪಕ್ಷದವರೊಡನೆ ನನಗಿರುವ ಭಿನ್ನಾಭಿಪ್ರಾಯ ಹೊಸದಲ್ಲ. ಯಾವ ಹಣ್ಣೇ ಸಿಗಲಿ, ಅದನ್ನು ಸಕ್ಕರೆಯೊಡನೆ ಒಲೆಗೇರಿಸಿ ಕುದಿಸದ ಹೊರತು ಸಿಹಿತಿನಿಸೆಂಬ ಪದವಿ ಅದಕ್ಕೆ ಸಲ್ಲದೆಂಬುದು ಅವರ ಸಿದ್ಧಾಂತ. ಕವಳಿಯ ವಿಷಯದಲ್ಲಿ ಅವರು ಒಡ್ಡುವ ಕಾರಣವೂ ಒಂದುಂಟು: ಕುದಿಸದಿದ್ದರೆ ಸೊನೆ ತುಟಿಗಂಟುವುದು, ಗಂಟಲು ಕೆರೆಯುವುದು ಎಂದು. ನಾನು ಕೇಳುವುದಿಷ್ಟೆ: ಸೊನೆ ಉಳಿದಿರುವ ಹಣ್ಣನ್ನು ಕಿತ್ತವರಾರು? ಕೀಳುವಾಗ ಮಾಡಿದ ತಪ್ಪನ್ನು ಬೆಂಕಿಯಿಂದ ತಿದ್ದಹೊರಟು, ಆ ಯತ್ನದಲ್ಲಿ ಹಣ್ಣಿನ ಪರಿಮಳವನ್ನೂ ಕಾಡಿನ ಹುಳಿಯನ್ನೂ ಹಬೆಯೊಡನೆ ಕಳೆದುಕೊಳ್ಳುವುದು ಎಂಥ ವಿವೇಕ? ಈ ಹಣ್ಣಿನಲ್ಲಿ ಪೆಕ್ಟಿನ್ ಹೇರಳವಾಗಿರುವುದರಿಂದ ಕುದಿಸಿದ ರಸ ತಣ್ಣಗಾದೊಡನೆ ಗಟ್ಟಿಯಾಗಿ ಹೆಪ್ಪುಗಟ್ಟುವುದು ನಿಜ. ಜೆಲ್ಲಿಗೆ ಅದಕ್ಕಿಂತ ಒಳ್ಳೆಯ ಹಣ್ಣು ನಮ್ಮ ಕಾಡಿನಲ್ಲಿ ವಿರಳ. ಮಳೆಗಾಲಕ್ಕೆಂದು ಶೀಶೆಯಲ್ಲಿ ತುಂಬಿಡುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಹಣ್ಣು ಬಾಗಿಲಲ್ಲೇ ಇರುವ ವೈಶಾಖದಲ್ಲಿ ಶೀಶೆಯ ರುಚಿಗೆ ಆತುರಪಡುವುದು ನನಗೆ ಒಪ್ಪಿಗೆಯಿಲ್ಲ.

ಹಣ್ಣನ್ನು ಬೇಯಿಸದೆ ಸಿದ್ಧಪಡಿಸುವುದು ಪಾಕಶಾಸ್ತ್ರದ ಗೌರವಕ್ಕೆ ಕಡಮೆಯೆಂದು ಭಾವಿಸುವವರು ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ಒಮ್ಮೆ ತೆರೆದು ನೋಡಬೇಕು. 16ನೆಯ ಶತಮಾನದ ಆದಿಭಾಗದಲ್ಲಿ ಷಟ್ಪದಿಯಲ್ಲಿ ರಚಿತವಾದ ಆ ಗ್ರಂಥ, ಹಿಟ್ಟಿನ ಭಕ್ಷ್ಯ, ಅನ್ನ, ಶಾಕಗಳ ಸಾಲಿನಲ್ಲಿಯೇ ಪಾನಕಕ್ಕೂ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿದೆ. ಅಡುಗೆಯನ್ನು ಕಾವ್ಯವಾಗಿಸಬಲ್ಲ ಕವಿಗೆ, ನೀರಿಗೂ ಸಿಹಿಗೂ ಹದವಾದ ಸಂಬಂಧ ಕಲ್ಪಿಸುವುದು ಭಕ್ಷ್ಯವನ್ನು ಕರಿಯುವುದರಷ್ಟೇ ಗಂಭೀರವಾದ ವಿದ್ಯೆಯಾಗಿ ಕಂಡಿತು. ಕಡುಬೇಸಗೆಯ ಮಧ್ಯಾಹ್ನಗಳಲ್ಲಿ ನಾನು ಮತ್ತೆ ಮತ್ತೆ ಮರಳುವ ಪುಸ್ತಕವದು. ಅದನ್ನೋದಿದ ಮೇಲೆ ಒಲೆ ಹೊತ್ತಿಸಲು ಮನಸ್ಸೇ ಬಾರದು.

ಇನ್ನು ವಿಧಾನ. ಎರಡು ಪಾವು ಕಳಿತ ಹಣ್ಣನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬೆರಳಿಗೆ ಕೊಂಚ ಕೊಬ್ಬರಿಯೆಣ್ಣೆ ಸವರಿಕೊಂಡು, ಒಂದೊಂದನ್ನೂ ಸೀಳಿ ಚಪ್ಪಟೆಯಾದ ಬೀಜಗಳನ್ನು ತೆಗೆಯಬೇಕು. ಬೇಸರದ ಕೆಲಸವೆಂದು ಇದನ್ನು ಬಿಡುವವರುಂಟು. ಬೀಜವಿರುವ ರಸಾಯನ ಹಲ್ಲಿಗೆ ಕಾಟ. ಪಾತ್ರೆ ಕಲ್ಲಿನದೋ ಮಣ್ಣಿನದೋ ಆಗಿರಬೇಕು; ಕಲಾಯಿ ಹೋದ ಹಿತ್ತಾಳೆಯಲ್ಲಿ ಈ ಹುಳಿ ಕಿಲುಬೆಬ್ಬಿಸಿ ವಿಷವಾಗುವುದು. ಹಣ್ಣಿನ ಮೇಲೆ ಆಲೆಮನೆಯಿಂದ ಬಂದ ಜೋನಿಬೆಲ್ಲವನ್ನು ಮುಳುಗುವಷ್ಟು ಸುರಿದು, ಒಂದು ಚಿಟಿಕೆ ಉಪ್ಪು ಹಾಕಿ, ಮುಚ್ಚಿ ಮೂರು ಗಂಟೆ ಬಿಡಬೇಕು. ಬೆಲ್ಲ ಹಣ್ಣಿನ ರಸವನ್ನು ತಾನೇ ಹೊರಗೆಳೆದು, ಹೊಂಬಣ್ಣದ ಜೋನಿ ಕಡುಗೆಂಪಾಗುತ್ತದೆ. ಉಣ್ಣುವ ಹೊತ್ತಿಗೆ ಅರ್ಧ ತೆಂಗಿನಕಾಯಿಯ ಮೊದಲ ಹಾಲನ್ನು ಹಿಂಡಿ ಬೆರೆಸಿ, ಎರಡು ಏಲಕ್ಕಿ ಕುಟ್ಟಿ ಉದುರಿಸಿದರೆ ಮುಗಿಯಿತು. ಹಸುವಿನ ಹಾಲು ಈ ಹುಳಿಗೆ ಒಡೆಯುವುದರಿಂದ ಅದರ ಗೊಡವೆ ಬೇಡ. ಸಕ್ಕರೆ ಬರಿಯ ಸಿಹಿಯನ್ನು ಕೊಡುವುದಲ್ಲದೆ, ಹುಳಿಗೆ ಎದುರಾಗಿ ನಿಲ್ಲಬಲ್ಲ ಘನತೆಯನ್ನು ಕೊಡಲಾರದು. ಜೊತೆಗೆ ಬಿಸಿಯಾದ ಒತ್ತುಶಾವಿಗೆಯಿದ್ದರೆ ಬೇರೇನನ್ನೂ ಬಯಸಬೇಕಾಗಿಲ್ಲ.

ಬರೆಯುತ್ತ ಇನ್ನೊಂದು ಸಂಗತಿ ನೆನಪಿಗೆ ಬಂದಿತು, ಹೇಳದೆ ಇರಲಾರೆನು. ಪೇಟೆಯ ಬೇಕರಿಗಳಲ್ಲಿ ಕೇಕಿನ ನೆತ್ತಿಯ ಮೇಲೆ ಹೊಳೆಯುವ ಕೆಂಪು ‘ಚೆರ್ರಿ’ಯನ್ನು ಪರದೇಶದ ಹಣ್ಣೆಂದು ನಂಬಿ ಮಕ್ಕಳು ಕೊನೆಯ ತುತ್ತಿಗೆಂದು ಎತ್ತಿಡುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ನಮ್ಮ ದೇಶದಲ್ಲಿ ಆ ಹೆಸರಿನಿಂದ ಮಾರಾಟವಾಗುವುದರಲ್ಲಿ ಬಹುಪಾಲು ಇದೇ ಕವಳಿಯ ಕಾಯಿ: ಹುಟ್ಟುಬಣ್ಣವನ್ನು ಕಳೆದು, ಬೀಜ ತೆಗೆದು, ಸಕ್ಕರೆಯ ಪಾಕದಲ್ಲಿ ನೆನೆಸಿ, ಕೃತಕವಾದ ಕೆಂಪನ್ನು ಹಚ್ಚಿದುದು. ತನ್ನ ಹೆಸರನ್ನೂ ಹುಳಿಯನ್ನೂ ಬಣ್ಣವನ್ನೂ ಬಿಟ್ಟುಕೊಟ್ಟ ಮೇಲೆಯೇ ನಮ್ಮ ಬೇಣದ ಹಣ್ಣಿಗೆ ಪೇಟೆಯ ತಟ್ಟೆಯಲ್ಲಿ ಸ್ಥಾನ ದೊರೆಯಿತೆಂಬುದು ನನಗೆ ನಿಜವಾದ ದುಃಖ. ಇತ್ತ ಊರಿನಲ್ಲಿ ತೋಟಕ್ಕೂ ಗದ್ದೆಗೂ ಜೀವಂತ ಬೇಲಿಯಾಗಿ, ದನಕರುಗಳನ್ನು ತಡೆದು, ಬೇಸಗೆಯಲ್ಲಿ ಹಣ್ಣನ್ನೂ ಕೊಡುತ್ತಿದ್ದ ಮಟ್ಟಿಗಳನ್ನು ಬುಡಸಹಿತ ಕಿತ್ತು ಕಲ್ಲುಕಂಬಕ್ಕೆ ಮುಳ್ಳುತಂತಿ ಬಿಗಿಯುತ್ತಿದ್ದಾರೆ. ನಾನು ನಿನ್ನೆ ನಡೆದ ದಾರಿಯಲ್ಲಿ ಹೋದ ವರ್ಷ ಇದ್ದ ಬೇಲಿಯ ಅರ್ಧಭಾಗ ಈಗ ತಂತಿಯಾಗಿದೆ.

ಮಲೆನಾಡಿನ ವಾಚಕರು ಈ ಭಾನುವಾರ ಬಿಸಿಲೇರುವ ಮುನ್ನ ಮಕ್ಕಳನ್ನು ಕರೆದುಕೊಂಡು ಹತ್ತಿರದ ಬೇಣಕ್ಕೆ ಹೋಗಬೇಕು. ಮೊದಲ ಜಡಿಮಳೆ ಬಿದ್ದ ಮೇಲೆ ಹಣ್ಣು ನೀರಾಗಿ ಹುಳ ಬೀಳುವುದು. ಉಳಿದಿರುವುದು ಮೂರು ವಾರ ಮಾತ್ರ.